ಬೀಳದ ರಾಜಕುಮಾರ

2010ರಲ್ಲಿ ‘ಪ್ರಿನ್ಸ್ ಆಫ್ ಪರ್ಷಿಯಾ: ದಿ ಸ್ಯಾಂಡ್ಸ್ ಆಫ್ ಟೈಮ್’ ಸಿನಿಮಾ ಬಂದಾಗ ನಾವು ನಾಲ್ವರು ವರ್ತೂರಿನಿಂದ ಬಸ್ಸು ಹತ್ತಿ ಮಾರತಹಳ್ಳಿಗೆ ಹೋಗಿ ನೋಡಿದೆವು. ನಾಲ್ವರೂ ಒಂದೇ ಕಂಪ್ಯೂಟರ್ ಕ್ಲಾಸಿನವರು. ವಾಪಸ್ಸು ಬರುವಾಗ ಯಾರೂ ಹೆಚ್ಚು ಮಾತಾಡಲಿಲ್ಲ. ವರ್ತೂರು ಕೋಡಿಯಲ್ಲಿ ಇಳಿಯುವಾಗ ಒಬ್ಬ, ‘ಇವ್ನು ನಮ್ ಪ್ರಿನ್ಸ್ ಅಲ್ಲ ಕಣೋ’ ಅಂದ. ಅಷ್ಟೇ ವಿಮರ್ಶೆ.

ನಮ್ಮ ಪ್ರಿನ್ಸ್ ಒಂದು ಫ್ಲಾಪಿಯಲ್ಲಿದ್ದ. ವೈಟ್‌ಫೀಲ್ಡ್ ಕಡೆ ಐಟಿಪಿಎಲ್ ಕಟ್ಟಡಗಳು ಏಳುತ್ತಿದ್ದ ಕಾಲವದು. ಮಕ್ಕಳು ಕಂಪ್ಯೂಟರ್ ಕಲಿತರೆ ಉದ್ಧಾರವಾಗುತ್ತಾರೆಂದು ಮನೆಮನೆಯಲ್ಲೂ ನಂಬಿದ್ದರು. ಅಂಗಡಿಯ ಮೇಲಿನ ಒಂದು ಕೋಣೆ, ಬಾಗಿಲಲ್ಲಿ ಚಪ್ಪಲಿ ಬಿಡಬೇಕು. ಸರ್ ಕಾಫಿಗೆ ಹೋದೊಡನೆ ವರ್ಡ್‌ಸ್ಟಾರ್ ಮುಚ್ಚಿ ಪ್ರಿನ್ಸ್ ಶುರು. ಒಬ್ಬ ಆಡುವುದು, ಮೂವರು ಹಿಂದೆ ನಿಂತು ಕೂಗುವುದು. ರಾಜಕುಮಾರಿಯನ್ನು ಬಿಡಿಸಲು ಇದ್ದದ್ದು ಅರವತ್ತೇ ನಿಮಿಷ. ನಮ್ಮ ಕ್ಲಾಸೂ ಅಷ್ಟೇ ಹೊತ್ತು.

ಆ ಪ್ರಿನ್ಸ್ ಬೀಳುತ್ತಿದ್ದ. ಅಳತೆ ಒಂದು ಹೆಜ್ಜೆ ತಪ್ಪಿದರೆ ಮುಳ್ಳುಗಳ ಮೇಲೆ. ಓಡುತ್ತಿದ್ದವನು ತಟ್ಟನೆ ನಿಲ್ಲಲಾರ, ಎರಡು ಹೆಜ್ಜೆ ಜಾರಿಯೇ ನಿಲ್ಲುತ್ತಾನೆ. ಜೋರ್ಡನ್ ಮೆಕ್ನರ್ ತನ್ನ ತಮ್ಮನಿಗೆ ಬಿಳಿ ಬಟ್ಟೆ ಹಾಕಿಸಿ, ಓಡಿಸಿ, ಹಾರಿಸಿ, ಆ ವಿಡಿಯೊದ ಒಂದೊಂದೇ ಚೌಕಟ್ಟು ನೋಡಿ ಅವನನ್ನು ಬಿಡಿಸಿದ್ದನಂತೆ. 1989ರ ಆಟ. ಮೈಭಾರವಿದ್ದ ಮನುಷ್ಯ ಅವನು. ಸಿನಿಮಾದ ಜೇಕ್ ಜಿಲೆನ್‌ಹಾಲ್ ಛಾವಣಿಯಿಂದ ಛಾವಣಿಗೆ ಸೊಗಸಾಗಿಯೇ ಹಾರುತ್ತಾನೆ, ಆದರೆ ಬಿದ್ದಾನೆಂಬ ಭಯ ಒಮ್ಮೆಯೂ ಆಗುವುದಿಲ್ಲ. ಹಿಂದೆ ನಿಂತು ಕೂಗಲು ನಮಗೇನು ಕೆಲಸ?

ಮೆಕ್ನರ್ ಸಿನಿಮಾದ ಕಥೆಯಲ್ಲೂ ಇದ್ದ ಅನ್ನುವುದು ಇನ್ನೂ ಬೇಸರದ ಸಂಗತಿ. ಸಿನಿಮಾಕ್ಕೆ ಆಧಾರವಾದ 2003ರ ಆಟದಲ್ಲಿ ಪ್ರಿನ್ಸ್ ತನ್ನ ಕಥೆಯನ್ನು ತಾನೇ ಹೇಳುತ್ತಾನೆ. ನಾವು ಆಡುವಾಗ ಅವನು ಸತ್ತರೆ, ಹಾಗಾಗಲಿಲ್ಲವೆಂದು ತಿದ್ದಿಕೊಳ್ಳುತ್ತಾನೆ. ಕಾಲವನ್ನು ಹಿಂದೆ ತಿರುಗಿಸುವ ಕಠಾರಿ ನಮ್ಮ ಬೆರಳಿನಲ್ಲಿರುತ್ತದೆ, ಮರಳು ಮುಗಿದರೆ ಮುಗಿಯಿತು. ಸಿನಿಮಾದಲ್ಲೂ ಕಠಾರಿಯಿದೆ, ಆದರೆ ಅದರ ಮಹಿಮೆಯನ್ನು ರಾಜಕುಮಾರಿ ಮಾತಿನಲ್ಲಿ ವಿವರಿಸಬೇಕಾಗುತ್ತದೆ. ಕೊನೆಗೆ ಕಾಲವೇ ಹಿಂದೆ ಸರಿದು, ಸತ್ತವರೆಲ್ಲ ಬದುಕುತ್ತಾರೆ. ಯಾರ ಬೆವರೂ ಇಳಿಯದ ಲಾಭ.

ಹಳೆಯ ಆಟದಲ್ಲಿ ವಿವರಣೆಯೇ ಇರಲಿಲ್ಲ. ನಾಲ್ಕನೇ ಹಂತದಲ್ಲಿ ಒಂದು ಕನ್ನಡಿ. ಅದನ್ನು ಹಾರಿ ದಾಟಿದರೆ ಪ್ರಿನ್ಸನ ನೆರಳು ಆ ಕಡೆ ಜಿಗಿದು ಓಡಿಹೋಗುತ್ತದೆ. ಕಂಪ್ಯೂಟರಿನಲ್ಲಿ ಹೊಸ ಪಾತ್ರಕ್ಕೆ ಜಾಗವಿಲ್ಲದೆ ಮೆಕ್ನರ್ ಪ್ರಿನ್ಸನದೇ ಚಿತ್ರಗಳನ್ನು ಬದಲಿಸಿ ಮಾಡಿದ ನೆರಳು ಅದು. ಮುಂದೆ ನಮ್ಮ ಔಷಧಿ ಕುಡಿಯುತ್ತದೆ, ನಮ್ಮ ಬಾಗಿಲು ಮುಚ್ಚುತ್ತದೆ. ಹನ್ನೆರಡನೇ ಹಂತದಲ್ಲಿ ಕತ್ತಿ ಹಿಡಿದು ಎದುರು ನಿಲ್ಲುತ್ತದೆ. ಅದಕ್ಕೆ ಹೊಡೆದರೆ ನಮ್ಮ ಜೀವವೇ ಕಡಿಮೆಯಾಗುತ್ತದೆ. ನಾವು ವಾರಗಟ್ಟಲೆ ಅದರ ಜೊತೆ ಹೊಡೆದಾಡಿ ಸತ್ತೆವು. ಒಂದು ದಿನ ನಮ್ಮಲ್ಲೇ ಮಂದಗತಿಯವನು, ಸಾಕಾಗಿಹೋಗಿ, ಕೆಳಗಿನ ಬಾಣದ ಕೀಲಿ ಒತ್ತಿ ಕತ್ತಿಯನ್ನು ಒರೆಗೆ ಹಾಕಿದ. ನೆರಳೂ ಹಾಕಿತು. ಇಬ್ಬರೂ ನಡೆದು ಬಂದು ಒಂದಾದರು.

ಕೋಣೆ ಗಪ್‌ಚಿಪ್. ಆಮೇಲೆ ದಾರಿ ಮುಗಿದು ಮುಂದೆ ಬರೀ ಪ್ರಪಾತ. ‘ಬೇಡ್ವೋ, ಬೀಳ್ತೀಯ’ ಎಂದು ಮೂವರೂ ಕೂಗುತ್ತಿದ್ದೆವು. ಅವನು ಓಡಿಸಿಯೇಬಿಟ್ಟ. ಏನೂ ಇಲ್ಲದ ಕಡೆ, ಅವನ ಪಾದದ ಕೆಳಗೆ, ಒಂದೊಂದೇ ಕಲ್ಲು ಬಂದು ಕೂತಿತು.