ಎಂಬಿ ಕರಗಿಸುವ ಸುಖ

ಆ್ಯಪ್‌ಗೆ ಹೊಸ ಫೀಚರ್ ಸೇರಿಸಿದಾಗ ಸಿಗುವ ಖುಷಿಗಿಂತ ಅದರ ಗಾತ್ರ ಇಳಿಸಿದಾಗ ಸಿಗುವ ಖುಷಿ ನನಗೆ ಹೆಚ್ಚು. ಬಿಲ್ಡ್ ಮುಗಿದ ಕೂಡಲೇ ಆಂಡ್ರಾಯ್ಡ್ ಸ್ಟುಡಿಯೋದ ಎಪಿಕೆ ಅನಲೈಜರ್ ತೆರೆದು ಕೂತುಬಿಟ್ಟರೆ ಊಟದ ಹೊತ್ತು ದಾಟಿದ್ದೂ ತಿಳಿಯುವುದಿಲ್ಲ. ಫೋನಿಗೆ ಇಳಿಯುವ ಆ್ಯಪ್‌ನ ಫೈಲಾದ ಎಪಿಕೆ ಅಂದರೆ ಬೇರೇನಲ್ಲ, ಜಿಪ್ ಫೈಲು. ಹೆಕ್ಸ್ ಎಡಿಟರ್‌ನಲ್ಲಿ ತೆರೆದರೆ ಮೊದಲ ಎರಡು ಬೈಟುಗಳಲ್ಲಿ ‘ಪಿ’, ‘ಕೆ’ ಎಂದಿರುತ್ತದೆ. 1989ರಲ್ಲಿ ಜಿಪ್ ರೂಪಿಸಿದ ಫಿಲ್ ಕಾಟ್ಜ್ ಹೆಸರಿನ ಮೊದಲಕ್ಷರಗಳವು. ನೋಡಿದಾಗಲೆಲ್ಲ ಆ ಮನುಷ್ಯನಿಗೆ ಮನಸ್ಸಿನಲ್ಲೇ ನಮಸ್ಕಾರ ಹೇಳುತ್ತೇನೆ.

ಒಳಗೆ ಫೋಲ್ಡರುಗಳನ್ನು ಒಂದೊಂದಾಗಿ ಬಿಚ್ಚುತ್ತ ಹೋದರೆ ಭಾರವೆಲ್ಲ ಎಲ್ಲಿದೆ ಅನ್ನುವುದು ಗೊತ್ತಾಗುತ್ತದೆ. ಒಂದೇ ಲೈಬ್ರರಿ 32 ಬಿಟ್ ಪ್ರೊಸೆಸರಿಗೆ ಒಂದು, 64 ಬಿಟ್‌ಗೆ ಇನ್ನೊಂದು ಎಂದು ಮತ್ತೆ ಮತ್ತೆ ಕೂತಿರುತ್ತದೆ. ಒಂದೇ ಚಿತ್ರ ಚಿಕ್ಕ, ದೊಡ್ಡ, ಇನ್ನೂ ದೊಡ್ಡ ಅಳತೆಗಳಲ್ಲಿ ಇರುತ್ತದೆ. ಮದುವೆಗೆ ಹೊರಟವನು ಒಬ್ಬನೇ ಆದರೂ ಮನೆಮಂದಿಯ ಬಟ್ಟೆಯನ್ನೆಲ್ಲ ಟ್ರಂಕಿಗೆ ತುಂಬಿಕೊಂಡಂತೆ. ಈ ಹೊರೆ ಇಳಿಸಲೆಂದೇ ಗೂಗಲ್ 2018ರಲ್ಲಿ ಆ್ಯಪ್ ಬಂಡಲ್ ತಂದಿತು. 2021ರ ಆಗಸ್ಟ್‌ನಿಂದ ಪ್ಲೇ ಸ್ಟೋರಿಗೆ ಹೊಸ ಆ್ಯಪ್ ಹಾಕಬೇಕಾದರೆ ಅದೇ ಕಡ್ಡಾಯ. ನಾವು ಎಲ್ಲವನ್ನೂ ಒಟ್ಟಿಗೆ ಕೊಡುತ್ತೇವೆ. ಕೇಳಿದ ಫೋನಿನ ಪ್ರೊಸೆಸರ್, ಪರದೆ, ಭಾಷೆ ಮೂರನ್ನೂ ನೋಡಿ ಬೇಕಾದಷ್ಟನ್ನೇ ಪ್ಲೇ ಸ್ಟೋರ್ ಕಳಿಸುತ್ತದೆ.

ಯಾರೂ ಕರೆಯದ ಕೋಡನ್ನು ಬಿಲ್ಡ್ ಹೊತ್ತಿನಲ್ಲಿ ಆರ್8 ಎಂಬ ಟೂಲ್ ತಾನೇ ಕಿತ್ತುಹಾಕುತ್ತದೆ. ಅದು ಯಂತ್ರದ ಕೆಲಸ. ನನಗೆ ಇಷ್ಟವಾದದ್ದು ಕೈಯಾರೆ ಮಾಡುವ ಚಿತ್ರಗಳ ಕೆಲಸ. ಪಿಎನ್‌ಜಿಯನ್ನು ಗುಣಮಟ್ಟ ಕೆಡದಂತೆ ವೆಬ್‌ಪಿ ಮಾಡಿದರೆ ಗಾತ್ರ ಸರಾಸರಿ ಶೇ 26ರಷ್ಟು ಇಳಿಯುತ್ತದೆಂದು ಗೂಗಲ್ ಹೇಳುತ್ತದೆ. ಐಕಾನುಗಳನ್ನಂತೂ ವೆಕ್ಟರ್ ಮಾಡಿಬಿಡುತ್ತೇನೆ. ಆಗ ಎಲ್ಲ ಪರದೆಗೂ ಒಂದೇ ಪುಟ್ಟ ಫೈಲು ಸಾಕು. ಡಿಸೈನರ್ ಕಳಿಸಿದ ಐಕಾನಿನಲ್ಲಿ ಒಂದು ಬಿಂದು 11.99987ರಲ್ಲಿ ಇರುತ್ತದೆ. ಅದನ್ನು 12 ಮಾಡುತ್ತೇನೆ. ಪಕ್ಕದ ಬಿಂದು, ಅದರ ಪಕ್ಕದ್ದು, ಹೀಗೆ. ಆಮೇಲೆ ಹಳೆಯದನ್ನೂ ಹೊಸದನ್ನೂ ದೊಡ್ಡದು ಮಾಡಿ ಒಂದರ ಮೇಲೊಂದಿಟ್ಟು ನೋಡಿದರೆ ಗೆರೆ ಕೂದಲೆಳೆಯಷ್ಟೂ ಕದಲಿರುವುದಿಲ್ಲ. ಉಳಿದದ್ದು ಕೆಲವೇ ಬೈಟು ಇರಬಹುದು, ಆದರೆ ಐಕಾನುಗಳು ನೂರಾರು. ಆ್ಯಪ್ ಹಾಕಿಕೊಳ್ಳಲು ಮಗುವಿನ ಫೋಟೋ ಅಳಿಸಬೇಕೇ ಎಂದು ಯೋಚಿಸುವವರು ನಮ್ಮ ನಡುವೆ ಇನ್ನೂ ಬೇಕಾದಷ್ಟು ಜನ ಇದ್ದಾರೆ.

ಒಂದು ಕಡೆ ಮಾತ್ರ ಕತ್ತರಿ ಆಡಿಸಲು ನನಗೆ ಮನಸ್ಸಿಲ್ಲ. ಬಂಡಲ್ ಭಾಷೆಗಳನ್ನೂ ಬೇರ್ಪಡಿಸುತ್ತದೆ: ಫೋನಿನ ಸೆಟ್ಟಿಂಗ್ಸಿನಲ್ಲಿ ಇಂಗ್ಲಿಷ್ ಒಂದೇ ಇದ್ದರೆ ಕನ್ನಡದ ಸಾಲುಗಳು ಆ ಫೋನಿಗೆ ಹೋಗುವುದೇ ಇಲ್ಲ. ನಮ್ಮಲ್ಲಿ ಅನೇಕರು ಫೋನನ್ನು ಇಂಗ್ಲಿಷಿನಲ್ಲೇ ಬಿಟ್ಟು, ಆ್ಯಪ್ ಒಳಗೆ ಹೋಗಿ ಕನ್ನಡ ಆರಿಸಿಕೊಳ್ಳುವವರು. ಅವರು ‘ಕನ್ನಡ’ ಒತ್ತುತ್ತಾರೆ, ಪರದೆ ಇಂಗ್ಲಿಷಿನಲ್ಲೇ ನಿಂತಿರುತ್ತದೆ. ಹಾಗೆ ಬಿಟ್ಟು ಉಳಿಸಿದ್ದಾದರೂ ಎಷ್ಟು? ಯುಟಿಎಫ್-8ರಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟು. 40 ಸಂಕೇತಗಳ ಸಾವಿರ ವಾಕ್ಯಗಳಿದ್ದರೂ ಕುಗ್ಗಿಸುವ ಮೊದಲೇ 120 ಕೆಬಿ. ಫೋನಿನಲ್ಲಿ ತೆಗೆದ ಒಂದು ಫೋಟೋ ಇದಕ್ಕಿಂತ ಎಷ್ಟೋ ದೊಡ್ಡದು.

ಆ್ಯಪ್ ಬರೆಯುವ ಗೆಳೆಯರಲ್ಲಿ ಒಂದು ಕೋರಿಕೆ. ನಿಮ್ಮ ಆ್ಯಪ್‌ನಲ್ಲಿ ಭಾಷೆ ಆರಿಸುವ ಬಟನ್ ಇದ್ದರೆ, ಗ್ರೇಡಲ್ ಫೈಲಿನ ಬಂಡಲ್ ಭಾಗದಲ್ಲಿ ಭಾಷೆಯ ವಿಭಜನೆಯನ್ನು ನಿಲ್ಲಿಸಿ, ಇಲ್ಲವೇ ಬಟನ್ ಒತ್ತಿದಾಗ ಆ ಭಾಷೆ ಇಳಿಯುವಂತೆ ಮಾಡಿ. ಸ್ಟುಡಿಯೋದಿಂದ ನೇರವಾಗಿ ರನ್ ಮಾಡಿದಾಗ ಸಾಮಾನ್ಯವಾಗಿ ಎಲ್ಲ ಭಾಷೆಗಳೂ ಫೋನಿಗೆ ಹೋಗುವುದರಿಂದ ಈ ಕೊರತೆ ಕಣ್ಣಿಗೆ ಬೀಳುವುದಿಲ್ಲ. ಬಂಡಲ್‌ಟೂಲ್ ಬಳಸಿ ನಿಮ್ಮ ಬಂಡಲನ್ನು ಇಂಗ್ಲಿಷ್ ಸೆಟ್ಟಿಂಗಿನ ಫೋನೊಂದಕ್ಕೆ ಹಾಕಿ, ಕನ್ನಡ ಆರಿಸಿ ನೋಡಿ. ರಿಲೀಸಿಗೆ ಮುಂಚೆ ಅಷ್ಟು ಮಾಡಿ.