ಮಹಜರಿಗೆ ಸಿಗದ ಸಾಮಾನು

ಮುರುಗಮಲ್ಲದ ದರ್ಗಾ ಬೀದಿಯಲ್ಲಿ ನಮ್ಮಪ್ಪನದು ಹೂವು, ಸಕ್ಕರೆ, ಊದುಬತ್ತಿ, ಚಾದರದ ಅಂಗಡಿ. ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೆ ಬರುವ ಜನರಿಂದಲೇ ನಮ್ಮ ಮನೆ ನಡೆಯುತ್ತಿತ್ತು. ಜನ ಕಡಿಮೆ ಇದ್ದ ದಿನ ಅಪ್ಪನಿಗೆ ಕಾಸು ಹುಟ್ಟದ ಇನ್ನೊಂದು ಕೆಲಸ: ಪೊಲೀಸರು ಕರೆದಾಗ ಪಂಚನಾಗಿ ಹೋಗಿ ಮಹಜರಿಗೆ ಸಹಿ ಹಾಕುವುದು. ಮನೆ ಮಾತು ತೆಲುಗಾದರೂ ಕನ್ನಡ ಓದಿ ಬರೆಯಬಲ್ಲವರು, ಕೂಗಿದರೆ ಸಿಗುವವರು, ಬೀದಿಯಲ್ಲಿ ಅಂಗಡಿ ಇಟ್ಟುಕೊಂಡು ಪೊಲೀಸರಿಗೆ ‘ಆಗಲ್ಲ’ ಅನ್ನಲಾರದವರು. ಪಂಚನಾಗಲು ಇಷ್ಟು ಅರ್ಹತೆ ಸಾಕಾಗಿತ್ತು.

ನಾನು ಹೇಳುತ್ತಿರುವುದು ಎಂಬತ್ತರ ದಶಕದ ಮಾತು. ಜಿಲ್ಲೆ ಇನ್ನೂ ಕೋಲಾರ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಆಗಿನ ತಪಾಸಣೆಗಳೆಂದರೆ ಕಳ್ಳಭಟ್ಟಿ, ಕದ್ದ ಪಾತ್ರೆ ಪಗಡೆ, ಮಟ್ಕಾ. ದಫೇದಾರರು ಮನೆಯೊಳಕ್ಕೆ ಹೋಗಿ ಟ್ರಂಕು ತೆಗೆಸುತ್ತಿದ್ದರು, ಅಕ್ಕಿ ಡ್ರಮ್ಮಿಗೆ ಕೈ ಹಾಕುತ್ತಿದ್ದರು, ದನದ ಕೊಟ್ಟಿಗೆಯಲ್ಲಿ ಹುಲ್ಲು ಎಳೆಯುತ್ತಿದ್ದರು. ಮದುವೆ ಸೀರೆಯ ಮಡಿಕೆಯಿಂದ ಬಿದ್ದ ಅಡವು ಚೀಟಿಯನ್ನು ಇಡೀ ಬೀದಿ ನೋಡುತ್ತಿತ್ತು. ಆಮೇಲೆ ಜಗಲಿಯ ಮೇಲೆ ಕೂತು ಮಹಜರು ಬರೆಯುತ್ತಿದ್ದರು: ಹಿತ್ತಾಳೆ ಬಿಂದಿಗೆ ಒಂದು, ಪ್ಲಾಸ್ಟಿಕ್ ಕ್ಯಾನು ಎರಡು. ಸಿಕ್ಕ ವಸ್ತುಗಳ ಪಟ್ಟಿ ಮಾಡಬೇಕು, ಅದೇ ಸ್ಥಳದ ಇಬ್ಬರು ಗೌರವಸ್ಥರು ಸಾಕ್ಷಿಗಿರಬೇಕು, ಮನೆಯವರಿಗೆ ಒಂದು ನಕಲು ಕೊಡಬೇಕು ಎಂದು 1973ರ ದಂಡ ಪ್ರಕ್ರಿಯಾ ಸಂಹಿತೆಯ 100ನೇ ಕಲಂ ಹೇಳುತ್ತಿತ್ತು. ನಕಲು ಪಡೆದವರನ್ನು ನಾನು ಕಾಣೆ. ಎಷ್ಟೋ ಮಹಜರುಗಳು ಠಾಣೆಯಲ್ಲೇ ಬರೆದು ಮುಗಿದು, ಅಪ್ಪನ ಅಂಗಡಿಗೆ ಸಹಿಗೆಂದು ಬರುತ್ತಿದ್ದವು. ಅಪ್ಪ ಓದದೆ ಸಹಿ ಹಾಕಿ, ಬಂದವರಿಗೆ ಒಂದು ಟೀ ತರಿಸುತ್ತಿದ್ದರು.

ಆದ್ದರಿಂದ ಆ ಕಾಲದಲ್ಲಿ ಖಾಸಗಿತನಕ್ಕೆ ಬೆಲೆ ಇತ್ತು ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ. ದುಬೈನಿಂದ ಬಂದ ಕಾಗದವನ್ನು ಪೋಸ್ಟ್‌ಮ್ಯಾನೇ ಓದಿ ಹೇಳಬೇಕಿತ್ತು. ಓದಿ ಮುಗಿಸುವ ಹೊತ್ತಿಗೆ ಪಕ್ಕದ ಮೂರು ಮನೆಯವರಿಗೂ ವಿಷಯ ಗೊತ್ತು. ಮುಂದೆ ಎಸ್‌ಟಿಡಿ ಬೂತ್ ಬಂದಾಗ ಗಾಜಿನ ಬಾಗಿಲು ಬಂತು, ಆದರೆ ಲೈನ್ ಸರಿಯಿಲ್ಲದೆ ಎಲ್ಲರೂ ಕಿರುಚಿಯೇ ಮಾತಾಡುತ್ತಿದ್ದರು. ರಾಜಧಾನಿಯ ಕಥೆಯೂ ಬೇರೆಯಾಗಿರಲಿಲ್ಲ. ರಾಮಕೃಷ್ಣ ಹೆಗಡೆ 1988ರಲ್ಲಿ ಮುಖ್ಯಮಂತ್ರಿ ಕುರ್ಚಿ ಬಿಟ್ಟದ್ದು ಫೋನ್ ಕದ್ದಾಲಿಕೆ ಹಗರಣಕ್ಕೆ. ಕಾನೂನಂತೂ ಇನ್ನೂ ಒರಟಾಗಿತ್ತು. ಪೊಲೀಸ್ ತಪಾಸಣೆಗೆ ಅಡ್ಡ ಬರುವಂಥ ಖಾಸಗಿತನದ ಹಕ್ಕು ನಮ್ಮ ಸಂವಿಧಾನದಲ್ಲಿಲ್ಲ ಎಂದು ಸುಪ್ರೀಂ ಕೋರ್ಟಿನ ಎಂಟು ನ್ಯಾಯಮೂರ್ತಿಗಳು 1954ರಲ್ಲೇ, ಎಂ.ಪಿ. ಶರ್ಮಾ ಪ್ರಕರಣದಲ್ಲಿ, ಹೇಳಿಬಿಟ್ಟಿದ್ದರು.

ಆದರೂ ಆ ತಪಾಸಣೆಗೆ ಒಂದು ಕೊನೆ ಇತ್ತು. ಟ್ರಂಕಿನ ತಳ ಕಂಡರೆ ಮುಗಿಯಿತು. ಮಟ್ಕಾ ಬರೆಯುವವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಪೊಲೀಸ್ ಜೀಪು ತಿರುವಿನಲ್ಲಿ ಕಂಡೊಡನೆ ಚೀಟಿಯನ್ನು ಬಾಯಿಗೆ ಹಾಕಿ ನುಂಗುವುದು ಅವರ ಕಸುಬಿನ ಭಾಗ. ನಮ್ಮ ಬೀದಿಯಲ್ಲಿದ್ದ ಒಬ್ಬರು ಎಲೆ ಅಡಿಕೆಯ ಜೊತೆ ನುಂಗುತ್ತಿದ್ದರು, ಹಾಗಾದರೆ ಗಂಟಲಿಗೆ ಅಂಟುವುದಿಲ್ಲವಂತೆ.

ಈಗ ಮಟ್ಕಾದ ಜಾಗಕ್ಕೆ ಐಪಿಎಲ್ ಬೆಟ್ಟಿಂಗ್ ಬಂದಿದೆ, ಚೀಟಿಯ ಜಾಗಕ್ಕೆ ವಾಟ್ಸಾಪ್. ನನ್ನ ಅಕ್ಕನ ಮಗ ಚಿಂತಾಮಣಿಯ ಟೊಮೆಟೊ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಮ್ಯಾಚ್ ನಡೆಯುವ ದಿನಗಳಲ್ಲೊಂದು ರಾತ್ರಿ ಲೋಡಿನ ಗಾಡಿ ಜೊತೆ ಹೋಗುತ್ತಿದ್ದವನನ್ನು ನಾಕಾಬಂದಿಯಲ್ಲಿ ನಿಲ್ಲಿಸಿದರು. ಲೈಸೆನ್ಸ್ ನೋಡಿದ ಮೇಲೆ, “ಫೋನ್ ಕೊಡು. ಲಾಕ್ ತೆಗಿ” ಅಂದರು. ಕೊಟ್ಟ. ಚಾಟುಗಳನ್ನು ಮೇಲಿಂದ ಕೆಳಕ್ಕೆ ಎಳೆದು ನೋಡಿದರು, ಫೋನ್‌ಪೇ ತೆಗೆಸಿದರು, ಫೋಟೊಗಳನ್ನು ಸರಿಸಿದರು. ಅದರಲ್ಲಿ ಇದ್ದದ್ದು ಮಂಡಿಯ ಲೆಕ್ಕ, ರೈತರ ಪಾಸ್‌ಬುಕ್ಕಿನ ಫೋಟೊ, ಕೂಲಿಯವರ ಆಧಾರ್, ನನ್ನ ಅಕ್ಕನ ಸ್ಕ್ಯಾನಿಂಗ್ ರಿಪೋರ್ಟು, ಅವನಿಗೆ ಬಂದಿದ್ದ ಸಂಬಂಧಗಳ ಹುಡುಗಿಯರ ಫೋಟೊ ಮತ್ತು ಜಾತಕ. ಬೆಟ್ಟಿಂಗಿಗೆ ಸಂಬಂಧಪಟ್ಟದ್ದು ಏನೂ ಸಿಗಲಿಲ್ಲ. “ಹೋಗಪ್ಪ” ಅಂದರು. ಎಫ್‌ಐಆರ್ ಇಲ್ಲ, ನೋಟಿಸ್ ಇಲ್ಲ, ಪಂಚರಿಲ್ಲ. ಅಪ್ಪ ಓದದೆ ಸಹಿ ಹಾಕುತ್ತಿದ್ದ ಕಾಗದದಷ್ಟೂ ಇಲ್ಲ. ಯಾವುದನ್ನು ನೋಡಿದರು, ಯಾವುದರ ಫೋಟೊ ಹೊಡೆದುಕೊಂಡರು ಎಂದು ಮುಂದೆ ಯಾರೂ ಹೇಳಲಾರರು. ಟ್ರಂಕು ತೆಗೆದರೆ ಒಂದು ಮನೆಯ ಮಾನ ಹೋಗುತ್ತಿತ್ತು, ಇಲ್ಲಿ ಆ ನಾಕಾಬಂದಿಯ ಹತ್ತಿರವೂ ಸುಳಿಯದ ಮೂವತ್ತು ನಲವತ್ತು ಮನೆಗಳ ಗುಟ್ಟು ರಸ್ತೆ ಬದಿಯಲ್ಲಿ ಬಿಚ್ಚಿಕೊಂಡಿತು.

ಇದು ನಮ್ಮ ಕಡೆಯದಷ್ಟೇ ಅಲ್ಲ. 2021ರ ಅಕ್ಟೋಬರಿನಲ್ಲಿ ಹೈದರಾಬಾದಿನ ಪೊಲೀಸರು ದಾರಿಹೋಕರನ್ನು ನಿಲ್ಲಿಸಿ ಅವರ ವಾಟ್ಸಾಪಿನಲ್ಲಿ ‘ಗಾಂಜಾ’ ಎಂದು ಹುಡುಕುತ್ತಿದ್ದ ವಿಡಿಯೊವನ್ನು ದೇಶವೇ ನೋಡಿತು.

ವಿಚಿತ್ರವೆಂದರೆ, ಇಂಥದ್ದು ಸಲ್ಲದು ಎನ್ನುವ ಕಾನೂನಿನಲ್ಲಿ ಕರ್ನಾಟಕದ ಪಾಲೇ ದೊಡ್ಡದು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ್ದು, 1954ರ ಮಾತನ್ನು ತೆಗೆದುಹಾಕಿದ್ದು, ಕೆ.ಎಸ್. ಪುಟ್ಟಸ್ವಾಮಿ ಪ್ರಕರಣದಲ್ಲಿ. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಆಧಾರ್ ವಿರುದ್ಧ 2012ರಲ್ಲಿ ಅರ್ಜಿ ಹಾಕಿದಾಗ ಎಂಬತ್ತು ದಾಟಿದ್ದ ಅವರು 2024ರಲ್ಲಿ ತೀರಿಕೊಂಡರು. ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ ಕೂಡದು ಎಂಬ 2010ರ ಸೆಲ್ವಿ ತೀರ್ಪೂ ಕರ್ನಾಟಕ ಸರ್ಕಾರದ ವಿರುದ್ಧದ್ದೇ.

ಫೋನಿನ ಮಟ್ಟಿಗೆ ನೇರವಾದದ್ದು ವೀರೇನ್ ಖನ್ನಾ ಪ್ರಕರಣ. ಬೆಂಗಳೂರಿನ ಡ್ರಗ್ಸ್ ಕೇಸಿನಲ್ಲಿ ಫೋನಿನ, ಇಮೇಲಿನ ಪಾಸ್‌ವರ್ಡ್ ಕೊಡು ಎಂದು ಪೊಲೀಸರು ಕೇಳಿದ್ದರು. 2021ರ ಮಾರ್ಚ್ 12ರಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಕೊಟ್ಟ ತೀರ್ಪಿನ ಪ್ರಕಾರ ಫೋನಿನೊಳಗೆ ಹುಡುಕಲು ಕೋರ್ಟಿನ ಸರ್ಚ್ ವಾರಂಟ್ ಬೇಕು. ತೀರಾ ತುರ್ತಾದರೆ ಕಾರಣವನ್ನು ಬರೆದಿಟ್ಟೇ ಮುಂದುವರಿಯಬೇಕು. ಕೋರ್ಟಿನ ಅಪ್ಪಣೆ ಇಲ್ಲದೆ ಒಳಗಿನ ಮಾಹಿತಿಯನ್ನು ಬೇರೆಯವರಿಗೆ ಕೊಟ್ಟರೆ ತನಿಖಾಧಿಕಾರಿಯೇ ಹೊಣೆ.

ಈ ತೀರ್ಪನ್ನು ಫೋನಿಟ್ಟುಕೊಂಡವರ ಪರ ಎಂದು ಕುಣಿಯುವವರು ಪೂರ್ತಿ ಓದಿರುವುದಿಲ್ಲ. ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲ ಎಂದೂ ಅದರಲ್ಲಿದೆ. ವಾರಂಟ್ ಬಂದ ಮೇಲೂ ಕೊಡದಿದ್ದರೆ ಕೋರ್ಟು ಅದನ್ನು ಆರೋಪಿಗೆ ವಿರುದ್ಧವಾಗಿ ಎಣಿಸಬಹುದು. ಬೆರಳಚ್ಚು ಕೊಟ್ಟಂತೆಯೇ ಇದು ಎನ್ನುವ ಆ ವಾದ ನನಗೆ ಒಪ್ಪಿತವಲ್ಲ. ಬೆರಳಚ್ಚು ನಾನು ಯಾರೆಂದು ಹೇಳುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಪಾಸ್‌ವರ್ಡ್ ನನ್ನ ತಲೆಯೊಳಗಿನದು, ತೆರೆಯುವುದು ನನ್ನ ಹತ್ತು ವರ್ಷದ ಮಾತನ್ನೆಲ್ಲ.

ಪೊಲೀಸರ ಮಾತನ್ನೂ ಹೇಳಬೇಕು. ನಿವೃತ್ತ ಎಎಸ್‌ಐ ಒಬ್ಬರು ಈಗಲೂ ನಮ್ಮ ಅಂಗಡಿಗೆ ಬರುತ್ತಾರೆ. “ಆಗ ಚೀಟಿ ನುಂಗಿದರೆ ಕೇಸೇ ಬಿದ್ದುಹೋಗೋದು. ಈಗ ಲೋನ್ ಆಪ್‌ನೋರು ಹುಡುಗಿ ಫೋಟೊ ಕೆಡಿಸಿ ಕಳಿಸ್ತಾರೆ. ಫೋನ್ ಬಿಟ್ಟರೆ ಸಾಕ್ಷಿ ಎಲ್ಲಿಂದ ತರೋದು ಸ್ವಾಮಿ?” ಅನ್ನುತ್ತಾರೆ. ಸರಿಯಾದ ಪ್ರಶ್ನೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಅವರ ಕೈಯನ್ನು ಗಟ್ಟಿ ಮಾಡಿದೆ: ಫೋನಿನಂಥ ಸಾಧನಗಳನ್ನೂ ಹಾಜರುಪಡಿಸು ಎಂದು 94ನೇ ಕಲಂ ಅಡಿ ಲಿಖಿತವಾಗಿ ಕೇಳಬಹುದು. ಅದೇ ಕಾನೂನಿನ 105ನೇ ಕಲಂ ಪ್ರಕಾರ ತಪಾಸಣೆ, ಜಪ್ತಿ, ಪಂಚರ ಸಹಿ ಎಲ್ಲವನ್ನೂ ವಿಡಿಯೊ ಮಾಡಿ ತಡವಿಲ್ಲದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಅಂಗಡಿಗೆ ತಂದು ಸಹಿ ಹಾಕಿಸಿಕೊಳ್ಳುವ ಮಹಜರಿಗೆ ಇನ್ನು ಜಾಗವಿಲ್ಲ, ಒಳ್ಳೆಯದೇ ಆಯಿತು. ನಾಕಾಬಂದಿಯಲ್ಲಿ ಬೆರಳಾಡಿಸುವುದು ಮಾತ್ರ ತಪಾಸಣೆ ಎಂದೇ ಎಲ್ಲೂ ದಾಖಲಾಗುವುದಿಲ್ಲ, ಹಾಗಾಗಿ ವಿಡಿಯೊ ಮಾಡುವ ಮಾತೂ ಬರುವುದಿಲ್ಲ.

ಅಳಿಯನಿಗೆ ಇದನ್ನೆಲ್ಲ ಹೇಳಿದೆ. ಯಾವ ಕೇಸು ಎಂದು ಕೇಳು, ನೋಟಿಸ್ ಕೇಳು, ಲಾಕ್ ತೆಗೆಯಲು ವಾರಂಟ್ ಕೇಳು ಅಂದೆ.

“ಮಾವ, ಗಾಡೀಲಿ ಟೊಮೆಟೊ ಇರ್ತದೆ. ನಾನು ಕಾನೂನು ಮಾತಾಡಿದರೆ ಫೋನ್ ಜಪ್ತಿ ಅಂತಾರೆ. ಕೊಟ್ಟು ಎದ್ದು ಬಂದರೆ ಐದು ನಿಮಿಷ. ಜಪ್ತಿ ಆದರೆ ಅದು ಲ್ಯಾಬಿಗೆ ಹೋಗಿ ಬರೋವರೆಗೂ ಓಟಿಪಿ ಇಲ್ಲ, ರೈತರಿಗೆ ದುಡ್ಡು ಹಾಕಕ್ಕಾಗಲ್ಲ. ಮಂಡಿ ಸಾಹುಕಾರರು ನನ್ನ ಇಟ್ಟುಕೊಳ್ತಾರಾ?”

ಈಗ ಅವನ ಹತ್ತಿರ ಎರಡು ಫೋನಿವೆ. ಗುಂಡಿಯದು ಅಂಗಿ ಜೇಬಿನಲ್ಲಿ, ಕೇಳಿದವರಿಗೆ ಕೊಡಲು. ಇನ್ನೊಂದನ್ನು ಡ್ರೈವರ್ ಸೀಟಿನ ಹಿಂದೆ ಊಟದ ಕ್ಯಾರಿಯರಿನ ಕೆಳಗಿನ ಡಬ್ಬಿಯಲ್ಲಿ ಇಡುತ್ತಾನೆ. ಮಂಡಿಯ ಹುಡುಗರೆಲ್ಲ ಹಾಗೇ ಮಾಡುತ್ತಾರಂತೆ.