ಸಾಸಿವೆ ಕಾಣಬೇಕು

ಒಗ್ಗರಣೆಗೆ ಇಟ್ಟ ಎಣ್ಣೆ ಕಾದು ಹೊಗೆಯಾಡುತ್ತಿತ್ತು. ಸಾಸಿವೆ ಮಾತ್ರ ಸಿಗಲೊಲ್ಲದು. ರಜೆಗೆ ಹಾಗಲವಾಡಿಗೆ ಬಂದ ತಂಗಿಯ ಮಗಳು ರಾತ್ರಿ ಕೂತು ಅಡುಗೆಮನೆಯನ್ನೆಲ್ಲ ಜೋಡಿಸಿಟ್ಟಿದ್ದಳು. ಕಡಪ ಕಲ್ಲಿನ ಮೇಲೆ ಒಂದೇ ಅಳತೆಯ, ಒಂದೇ ಬಣ್ಣದ ಪ್ಲಾಸ್ಟಿಕ್ ಡಬ್ಬಗಳು. "ದೊಡ್ಡಮ್ಮ, ಚೆನ್ನಾಗಿ ಕಾಣ್ತದಲ್ವಾ?" ಡಬ್ಬಗಳೇನೋ ಚೆನ್ನಾಗಿ ಕಾಣುತ್ತಿದ್ದವು. ಮುಚ್ಚಳ ತೆಗೆದರೆ ಮೆಂತ್ಯ, ಇನ್ನೊಂದು ತೆಗೆದರೆ ಜೀರಿಗೆ. ಅಷ್ಟರಲ್ಲಿ ಎಣ್ಣೆ ಸುಟ್ಟಿತ್ತು.

ಅಡುಗೆಮನೆ ಅಂದವಾಗಿರಬೇಕಾದರೆ ಬೇಡದ್ದನ್ನು ಕೊಳ್ಳಬಾರದು, ಒಡೆದದ್ದನ್ನು ಇಟ್ಟುಕೊಳ್ಳಬಾರದು, ವರ್ಷಕ್ಕೊಮ್ಮೆ ಸುಣ್ಣ ಬಳಿಯಬೇಕು: ಇವೆಲ್ಲ ಯಾರಿಗೆ ಗೊತ್ತಿಲ್ಲ? ನನ್ನ ಹಟ ಒಂದೇ. ಒಳಗಿರುವುದು ಹೊರಗೆ ಕಾಣಬೇಕು. ಅದಕ್ಕೆ ಹಳೆಯ ಹಾರ್ಲಿಕ್ಸ್ ಗಾಜಿನ ಬಾಟಲಿಗೆ ಸಮನಾದದ್ದು ಇನ್ನೊಂದಿಲ್ಲ. ತೊಳೆದು ಬಿಸಿಲಿಗಿಟ್ಟು ಒಣಗಿಸಿದರೆ ಕಾಸು ಖರ್ಚಿಲ್ಲ. ತೊಗರಿಬೇಳೆ ಎಷ್ಟು ಇಳಿದಿದೆ, ಕಡಲೆಕಾಳಿಗೆ ಹುಳ ಬಿತ್ತೇ, ನಿಂತಲ್ಲಿಂದಲೇ ಗೊತ್ತಾಗುತ್ತದೆ. ನೇರ ಬಿಸಿಲು ಬೀಳದ ಕಡೆ ಸಾಲಾಗಿಟ್ಟರೆ ಹೆಸರುಕಾಳಿನ ಹಸಿರು, ಬೇಳೆಯ ಹಳದಿ, ಬ್ಯಾಡಗಿ ಪುಡಿಯ ಕೆಂಪು. ಇನ್ನು ಗೋಡೆಗೆ ಚಿತ್ರ ಯಾಕೆ?

ಆದರೆ ಕಾಣಲು ಬೆಳಕಾದರೂ ಬೇಕಲ್ಲ. ಅಮ್ಮನ ಅಡುಗೆಮನೆಯಲ್ಲಿ ಇದ್ದದ್ದು ಒಂದೇ ಗವಾಕ್ಷಿ. ಯುಗಾದಿಗೆ ಬಳಿದ ಸುಣ್ಣ ದೀಪಾವಳಿಗೆಲ್ಲ ಮಸಿ ಹಿಡಿದಿರುತ್ತಿತ್ತು. ಅಮ್ಮನ ಕಣ್ಣೂ ಸದಾ ಕೆಂಪು. ಹೊಗೆ ಹೊರಗೆ ಹೋಗದೆ ಯಾವ ಅಲಂಕಾರ ನಿಂತೀತು? ಅಸ್ತ್ರ ಒಲೆಯನ್ನು ನಾನು ಇಷ್ಟು ನೆನೆಯುವುದು ಇದಕ್ಕೇ. ಅಮೂಲ್ಯ ರೆಡ್ಡಿಯವರ ಮುಂದಾಳ್ತನದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1974ರಲ್ಲಿ ಹಳ್ಳಿಗಳಿಗಾಗಿ ಅಸ್ತ್ರ ವಿಭಾಗ ತೆರೆಯಿತು. ನಮ್ಮ ಜಿಲ್ಲೆಯದೇ ಆದ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಕೇಂದ್ರವಿತ್ತು. ದೊಡ್ಡ ವಿಜ್ಞಾನಿಗಳು ಹಳ್ಳಿ ಹೆಂಗಸರ ಒಲೆಯ ಬಗ್ಗೆ ತಲೆ ಕೆಡಿಸಿಕೊಂಡರಲ್ಲ, ಅದೇ ನನಗೆ ದೊಡ್ಡದು. ಅವರು ರೂಪಿಸಿದ ಆ ಒಲೆಗೆ ಕೆಳಗಿನ ಜಾಲರಿಯಿಂದ ಗಾಳಿ, ಮೇಲೆ ಒಂದೇ ಬೆಂಕಿಗೆ ಮೂರು ಪಾತ್ರೆ, ಹೊಗೆಗೆ ಕೊಳವೆ. ಮುದ್ದೆ, ಸಾರು, ಬಿಸಿನೀರು ಒಟ್ಟಿಗೇ ಆಗುತ್ತಿದ್ದವು, ಸೌದೆಯೂ ಉಳಿಯುತ್ತಿತ್ತು.

ಮುದ್ದೆ ಎಂದಾಗ ನೆನಪಾಯಿತು. ಈಗಿನ ಅಡುಗೆ ಕಟ್ಟೆಗಳ ಎತ್ತರ ನನಗೆ ಒಪ್ಪಿಗೆಯಿಲ್ಲ. ಸೊಂಟದೆತ್ತರದ ಕಟ್ಟೆ, ಅದರ ಮೇಲೆ ಗ್ಯಾಸ್ ಒಲೆ, ಅದರ ಮೇಲೆ ಪಾತ್ರೆ; ಹಿಟ್ಟು ತಿರುವುವ ಕೈ ಎದೆಮಟ್ಟಕ್ಕೆ ಬಂದರೆ ಕೋಲಿಗೆ ಬಲ ಎಲ್ಲಿಂದ ಬರಬೇಕು? ಅದಕ್ಕೇ ಎಷ್ಟೋ ಮನೆಗಳಲ್ಲಿ ಪಾತ್ರೆಯನ್ನು ನೆಲಕ್ಕಿಳಿಸಿ, ಬಗ್ಗಿ ತಿರುವುತ್ತಾರೆ. ಗ್ಯಾಸ್ ಒಲೆ ಇಡುವಷ್ಟು ಜಾಗವನ್ನು ಒಂದು ಗೇಣು ತಗ್ಗಿಸಿದರೆ ಸಾಕು. ಹೊಸ ಮನೆ ಕಟ್ಟಿಸುತ್ತಿರುವ ಪಕ್ಕದ ಬೀದಿಯವರಿಗೆ ಸಂಜೆಯೇ ಹೇಳಿ ಬರಬೇಕು, ಗಾರೆ ಕೆಲಸ ಇನ್ನೂ ಮುಗಿದಿಲ್ಲ.